ಮೊದಲು ಕೊಳೆ ಬಿಡಿಸಿ, ಆಮೇಲೆ ಪಾಲಿಶ್

ಶಾಂಪೂ ಹಾಕಿ ತೊಳೆದ ಕಾರಿಗೆ ನೇರವಾಗಿ ಪಾಲಿಶ್ ಯಂತ್ರ ಹಿಡಿಯಬಹುದು, ಉಳಿದ ಕೊಳೆಯನ್ನು ಪಾಲಿಶ್ ಕಾಂಪೌಂಡೇ ಕಿತ್ತುಹಾಕುತ್ತದೆ ಎಂದು ಕಳೆದ ಸಂಚಿಕೆಯ ಲೇಖನ ಹೇಳಿದೆ. ಇದು ಓದುಗರ ಕಾರನ್ನು ಹಾಳುಮಾಡುವ ಸಲಹೆ.

ರೈಲು ಹಳಿಯ ಪಕ್ಕದಲ್ಲೋ ಮೆಟ್ರೊ ಕಾಮಗಾರಿಯ ಕೆಳಗೋ ತಿಂಗಳುಗಟ್ಟಲೆ ನಿಂತ ಕಾರನ್ನು ಚೆನ್ನಾಗಿ ತೊಳೆದು, ಕೈಗೆ ತೆಳು ಪ್ಲಾಸ್ಟಿಕ್ ಕವರ್ ತೊಟ್ಟು ಬಾನೆಟ್ ಮೇಲೆ ಆಡಿಸಿ ನೋಡಿ. ತರಿತರಿಯಾಗಿ ತಗುಲುತ್ತದೆ. ಅದು ಬಣ್ಣಕ್ಕೆ ಕಚ್ಚಿಕೊಂಡ ಕಬ್ಬಿಣದ ಕಣ, ಡಾಂಬರು, ಮರದ ಅಂಟು. ಯಂತ್ರ ತಿರುಗುವಾಗ ಕಿತ್ತುಬಂದ ಕಣ ಪ್ಯಾಡಿನಲ್ಲೇ ಸಿಕ್ಕಿಕೊಂಡು ಬಾನೆಟ್ ತುಂಬ ಗೀರುತ್ತದೆ. ಆ ಗೀರು ತೆಗೆಯಲು ಮತ್ತೆ ಉಜ್ಜಬೇಕು. ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಇರುವುದೇ ಸಾಮಾನ್ಯವಾಗಿ 40–50 ಮೈಕ್ರಾನ್. ಸವೆದದ್ದು ಹಿಂದೆ ಬರುವುದಿಲ್ಲ.

ಹಾಗಾಗಿ ಪಾಲಿಶ್‌ಗೆ ಮೊದಲು ನೆರಳಿನಲ್ಲಿ, ತಣ್ಣಗಿರುವ ಬಾಡಿಗೆ ಐರನ್ ರಿಮೂವರ್ ಸಿಂಪಡಿಸಿ. ಕೆಲವೇ ನಿಮಿಷಗಳಲ್ಲಿ ಕಬ್ಬಿಣ ಇದ್ದಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಒಣಗಲು ಬಿಡದೆ ತೊಳೆಯಿರಿ. ಡಾಂಬರಿಗೆ ಟಾರ್ ರಿಮೂವರ್. ಕೊನೆಗೆ ಕಚ್ಚಿಕೊಂಡ ಕಣ ಎತ್ತುವ ಮೆತ್ತನೆಯ ಮುದ್ದೆ, ಕ್ಲೇ ಬಾರ್: ಲೂಬ್ರಿಕೆಂಟ್ ಧಾರಾಳವಾಗಿರಲಿ, ಒತ್ತಬೇಡಿ, ಆಗಾಗ ಮಡಚಿ ಹೊಸ ಮುಖ ಬಳಸಿ. ನೆಲಕ್ಕೆ ಬಿದ್ದ ಕ್ಲೇಯನ್ನು ಎಸೆದುಬಿಡಿ. ಬೋರ್‌ವೆಲ್ ನೀರು ಒಣಗಿ ಗಟ್ಟಿಯಾದ ಬಿಳಿ ಕಲೆ ಮಾತ್ರ ಕ್ಲೇಗೆ ಜಗ್ಗುವುದಿಲ್ಲ. ಅದಕ್ಕೆ ಆಮ್ಲೀಯ ವಾಟರ್ ಸ್ಪಾಟ್ ರಿಮೂವರ್ ಬೇಕು.

ಕ್ಲೇಯಿಂದಲೂ ಗೀರು ಬೀಳುತ್ತದೆ ಎಂಬ ಆ ಲೇಖನದ ಲೇಖಕರ ಆಕ್ಷೇಪ ನಿಜ. ಆದರೆ ಅವು ನವಿರು ಗೀರುಗಳು, ನಂತರದ ಪಾಲಿಶ್‌ನಲ್ಲೇ ಹೋಗುತ್ತವೆ. ಕಣ ಕೊರೆದ ಗೀರು ಅಷ್ಟು ಸುಲಭಕ್ಕೆ ಹೋಗದು. ಪಾಲಿಶ್ ಅಂಗಡಿಯವರು ಈ ಕೊಳೆ ಬಿಡಿಸುವ ಕೆಲಸ ಬಿಟ್ಟು ನೇರ ಯಂತ್ರ ಎತ್ತಿಕೊಂಡರೆ, ದಯವಿಟ್ಟು ಅಲ್ಲೇ ತಡೆಯಿರಿ.