‘ಸರ್ವರ್ ಕನ್ನಡ ತಗೊಳ್ಳಲ್ಲ’ ಅಂದ್ರೆ?

ಆನ್‌ಲೈನ್ ಅರ್ಜಿಯಲ್ಲಿ ಕನ್ನಡದಲ್ಲಿ ಹೆಸರು ಹಾಕಿದರೆ ‘????’ ಬರುತ್ತೆ, ಕೇಳಿದರೆ ‘ಸರ್ವರ್ ಸಪೋರ್ಟ್ ಇಲ್ಲ’ ಅಂತಾರೆ. ಸ್ನೇಹಿತರೇ, ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ವೆಬ್‌ಲಾಜಿಕ್, ಜೆಬಾಸ್‌ನಂಥ ಸರ್ವರ್‌ಗಳು ಓಡೋದು ಜಾವಾ ಮೇಲೆ. ಅದು 1996ರಲ್ಲಿ ಬಂದಾಗಲೇ ಯೂನಿಕೋಡ್ ಒಪ್ಪಿಕೊಂಡಿತ್ತು. ತೊಡಕು ಸಾಮಾನ್ಯವಾಗಿ ಹಿಂದಿನ ಡೇಟಾಬೇಸ್‌ನಲ್ಲಿ. ಅದನ್ನ ಯುಟಿಎಫ್-8 ಬಿಟ್ಟು ಇಂಗ್ಲಿಷ್, ಯುರೋಪಿನ ಅಕ್ಷರಗಳಿಗಷ್ಟೇ ಇರೋ ಹಳೇ ಕ್ಯಾರೆಕ್ಟರ್ ಸೆಟ್‌ನಲ್ಲಿ ಮಾಡಿದ್ದರೆ ಕನ್ನಡ ಉಳಿಯಲ್ಲ. ಯುಟಿಎಫ್-8 ಇದ್ದರೂ ಜಾಗ ನೋಡಬೇಕು: ‘ಕೃಷ್ಣಪ್ಪ’ನಿಗೆ 24 ಬೈಟ್ ಬೇಕು, 20 ಬೈಟಿನ ಕಾಲಂನಲ್ಲಿ ಹಿಡಿಸಲ್ಲ. (ನಮ್ಮ ಒತ್ತಕ್ಷರದ ಬೆಲೆ!) ಪ್ರಿಂಟ್‌ಗೆ ಕನ್ನಡ ಫಾಂಟೂ ಬೇಕು. ಇದಕ್ಕೆಲ್ಲ ಹೊಸ ಮೆಷಿನ್ ಬೇಕಿಲ್ಲ, ಟೆಂಡರ್‌ನಲ್ಲಿ ಎರಡು ಸಾಲು ಸಾಕು. ಹಾಗಾಗಿ ಮನವಿಯಲ್ಲಿ ‘ಕನ್ನಡ ಬೇಕು’ ಅಂತಷ್ಟೇ ಬರೀಬೇಡಿ. ಡೇಟಾಬೇಸ್‌ನ ಕ್ಯಾರೆಕ್ಟರ್ ಸೆಟ್ ಯಾವುದು ಅಂತ ಆರ್‌ಟಿಐ ಹಾಕಿ ಕೇಳಿ.