ದೊಡ್ಡ ಸಂಖ್ಯೆಗಳೂ ಮಕ್ಕಳ ಆಟವೂ

ಅಮೃತೂರಿನ ಬಂಧುಗಳ ಮನೆಯಲ್ಲಿ ತಂಗಿದ್ದಾಗ ಅಲ್ಲಿಯ ಮಕ್ಕಳ ಲೆಕ್ಕದ ಪುಸ್ತಕವನ್ನು ನೋಡುವ ಸಂದರ್ಭ ನಮಗೆ ಒದಗಿತು. ‘ಮೂರು ಲಕ್ಷದ ಎರಡು ಸಾವಿರದ ಐದು’ ಎಂಬುದನ್ನು ಅಂಕಿಗಳಲ್ಲಿ ಬರೆಯೆಂದಾಗ ಆರನೆಯ ತರಗತಿಯ ಹುಡುಗಿಯೊಬ್ಬಳು 30000020005 ಎಂದು ಬರೆದಳು. ಕಿವಿಗೆ ಬಿದ್ದುದನ್ನು ಬಿದ್ದ ಕ್ರಮದಲ್ಲಿಯೇ ಬರೆದವಳನ್ನು ದಡ್ಡಿ ಎನ್ನಲಾಗದು. ನಾವು ಸಂಖ್ಯೆಯನ್ನು ಹೇಳುವಾಗ ಸೊನ್ನೆಯನ್ನು ಉಚ್ಚರಿಸುವುದಿಲ್ಲ. ಬರೆಯುವಾಗ ಅದಿಲ್ಲದೆ ನಡೆಯದು. ಈ ಭೇದವನ್ನು ಆಕೆಗೆ ಯಾರೂ ತೋರಿಸಿಕೊಟ್ಟಿರಲಿಲ್ಲ.

ಮರುದಿನ ಜಗಲಿಯ ಮೇಲೆ, ಕುಂಟೆಬಿಲ್ಲೆಗೆ ಬರೆಯುವಂತೆ, ಸೀಮೆಸುಣ್ಣದಿಂದ ಆರು ಮನೆಗಳನ್ನು ಸಾಲಾಗಿ ಬರೆದೆವು. ಬಲತುದಿಯದು ಬಿಡಿಯ ಮನೆ. ಅಲ್ಲಿಂದ ಎಡಕ್ಕೆ ಹತ್ತು, ನೂರು, ಸಾವಿರ, ಹತ್ತು ಸಾವಿರ, ಲಕ್ಷ. ಎರಡು ತಂಡಗಳು ಸರದಿಯಂತೆ ಒಂದೊಂದು ಹಿಡಿ ಹುಣಸೆಬೀಜವನ್ನು ಮನೆಗಳ ಮೇಲೆ ಚೆಲ್ಲಬೇಕು. ಒಂದು ಮನೆಯಲ್ಲಿ ಹತ್ತು ಬೀಜಗಳು ಕೂಡಿದರೆ ಅವನ್ನು ತೆಗೆದು, ಎಡದ ಮನೆಯಲ್ಲಿ ಒಂದೇ ಬೀಜವನ್ನು ಇಡಬೇಕು. ಆಮೇಲೆ ಸಂಖ್ಯೆಯನ್ನು ಬರೆದು ಗಟ್ಟಿಯಾಗಿ ಓದಬೇಕು. ತಪ್ಪಿಲ್ಲದೆ ಓದಿದವರಲ್ಲಿ ದೊಡ್ಡ ಸಂಖ್ಯೆಯವರಿಗೆ ಗೆಲುವು.

ಬರಿದಾದ ಮನೆಯ ಮುಂದೆ ಅದೇ ಹುಡುಗಿ ನಿಂತು, “ಇಲ್ಲಿ ಯಾರೂ ಇಲ್ಲ, ಸೊನ್ನೆ” ಎಂದಳು. ಇನ್ನೊಬ್ಬನು, “ಲಕ್ಷದ ಮನೆಯಲ್ಲಿಯೇ ಹತ್ತು ಕೂಡಿದರೆ?” ಎಂದು ಕೇಳಿ, ನಾವು ಉತ್ತರಿಸುವುದರೊಳಗೆ ಏಳನೆಯ ಮನೆಯನ್ನು ತಾನೇ ಬರೆದನು.

ಪಾಠಗಳನ್ನು ಮುಗಿಸಲೇ ವೇಳೆ ಸಾಲದಿರುವಾಗ ಆಟವೆಲ್ಲಿ, ಗದ್ದಲವಾಗದೆ ಎಂದು ಉಪಾಧ್ಯಾಯರು ಕೇಳಬಹುದು. ಅವರ ಕಷ್ಟ ಸುಳ್ಳಲ್ಲ. ಆದರೆ ಇಲ್ಲಿ ಉಳಿಸಿದ ವೇಳೆಯನ್ನು ಮುಂದೆ ಬಡ್ಡಿಸಹಿತ ತೆರಬೇಕಾಗುತ್ತದೆ. ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಯಲು ಬಂದವರನ್ನು, ಕೋಟಿಯು ಲಕ್ಷಕ್ಕಿಂತ ಎಷ್ಟು ದೊಡ್ಡದೆಂದು ಕೇಳಿದರೆ “ಎರಡು ಸೊನ್ನೆ ಹೆಚ್ಚು” ಎನ್ನುವವರು ಅನೇಕರು. ಸೊನ್ನೆಗಳ ಎಣಿಕೆ ಬಂದಿದೆ. ಪ್ರಮಾಣದ ಅರಿವು ಬಂದಿಲ್ಲ.

ಆ ಅರಿವನ್ನು ಮನೆಗಳ ಆಟವೊಂದೇ ಕೊಡಲಾರದು. ಅದಕ್ಕೆ ರಾಗಿಯನ್ನು ಜೊತೆಗೂಡಿಸಬೇಕು. ಹತ್ತು ಮಕ್ಕಳು ನೂರು ನೂರು ಕಾಳುಗಳನ್ನು ಎಣಿಸಿದರೆ ಸಾವಿರವಾಯಿತು. ತಕ್ಕಡಿಯಲ್ಲಿ ಅದಕ್ಕೆ ಸಮನಾಗಿ ಇನ್ನೂ ಒಂಬತ್ತು ರಾಶಿಗಳನ್ನು ತೂಗಿದರೆ ಹತ್ತು ಸಾವಿರ. ಅಂಥ ಹತ್ತು ರಾಶಿ ಸೇರಿದರೆ ಲಕ್ಷ. ಲಕ್ಷ ಕಾಳುಗಳ ತೂಕ ಸುಮಾರು ಕಾಲು ಕಿಲೋಗ್ರಾಂ. ಮಗುವಿನ ಬೊಗಸೆಗಳಲ್ಲಿ ಅಳೆಯಬಹುದು. ಕೋಟಿ ಕಾಳುಗಳಾದರೋ ಸುಮಾರು 25 ಕಿಲೋಗ್ರಾಂ. ಮಗು ಎತ್ತಲಾರದ ಮೂಟೆ!

ದೊಡ್ಡ ಸಂಖ್ಯೆಗಳು ನಮ್ಮ ನಾಡಿಗೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳಿಗೆ ಹೆಸರಿತ್ತಿದ್ದಾನೆ. ಇಂದಿನ ಮಗುವಿಗೆ ಅಷ್ಟು ಬೇಡ. ಕೋಟಿಯವರೆಗೆ ನಿಜವಾಗಿ ತಿಳಿದರೆ ಸಾಕು. ಇದೇ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವು ಸುಮಾರು 240 ಕೋಟಿ ಘನ ಅಡಿ ನೀರನ್ನು ಹಿಡಿಯುತ್ತದೆ. ಪಂಚಾಯಿತಿಯ ಖರ್ಚು ಲಕ್ಷಗಳಲ್ಲಿರುತ್ತದೆ. ಇವನ್ನು ಓದಿ ಗ್ರಹಿಸಲಾರದವನು ಹೇಳಿದವರ ಮಾತನ್ನು ನಂಬಿ ತಲೆಯಾಡಿಸಬೇಕಷ್ಟೆ. ವಾರಕ್ಕೊಂದು ಗಂಟೆ, ಒಂದು ಹಿಡಿ ಹುಣಸೆಬೀಜ, ಒಂದಿಷ್ಟು ರಾಗಿ—ಇಷ್ಟನ್ನು ಪ್ರತಿಯೊಂದು ಶಾಲೆಯೂ ಒದಗಿಸಬಲ್ಲದೆಂದು ನಾವು ನಂಬಿದ್ದೇವೆ.