ದೀಪಕ್ಕೆ ತಕ್ಕ ಸೆಲ್ಲು

ಮುಂಬಯಿಯನ್ನು ನಿದ್ರೆಯರಿಯದ ನಗರವೆಂದು ಎಲ್ಲರೂ ಕೊಂಡಾಡುವರು. ಆದರೆ ಬೆಳಕು ಸದಾ ನಮ್ಮ ಕೈಯಲ್ಲಿರದೆಂಬುದನ್ನೂ ಈ ನಗರವೇ ನಮಗೆ ಕಲಿಸಿದೆ. 2005ನೆಯ ಇಸವಿಯ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿಯಿತು. ಉಪನಗರಗಳ ಎಷ್ಟೋ ಭಾಗಗಳು ಜಲಾವೃತವಾಗಿ ಕತ್ತಲೆಯಲ್ಲಿ ರಾತ್ರಿಯನ್ನು ಕಳೆದವು. 2020ರ ಅಕ್ಟೋಬರ್ 12ರಂದು ವಿದ್ಯುತ್ತು ಕಡಿದುಹೋಗಿ ಲೋಕಲ್ ಗಾಡಿಗಳೂ ನಿಂತುಬಿಟ್ಟವು. ಇಂಥ ಸಮಯಕ್ಕೆಂದು ಮನೆಯಲ್ಲಿ ಟಾರ್ಚನ್ನು ಇಟ್ಟುಕೊಳ್ಳುತ್ತೇವೆ. ಆದರೆ ಅದರೊಳಗಿನ ಸೆಲ್ಲು ದೀಪಕ್ಕೆ ತಕ್ಕುದೇ ಎಂದು ನಮ್ಮಲ್ಲಿ ನೋಡುವವರು ಎಷ್ಟು ಮಂದಿ?

ಹಿಂದಿನ ಟಾರ್ಚಿನ ಬಲ್ಬು ಸಹನಶೀಲವಾದುದು. ಸೆಲ್ಲು ಕ್ಷೀಣಿಸಿದರೂ ಅದು ಕೆಂಪಗೆ ಉರಿಯುತ್ತಿತ್ತು. ಎಲ್‌ಇಡಿಯ ಸ್ವಭಾವವೇ ಬೇರೆ. ಬಿಳಿಯ ಎಲ್‌ಇಡಿ ಚೆನ್ನಾಗಿ ಬೆಳಗಲು ಸುಮಾರು 3 ವೋಲ್ಟು ಬೇಕು. ಬಹಳ ಕಡಿಮೆಯಾದರೆ ಅದು ಮಿಣುಕುವುದೂ ಇಲ್ಲ. ತುಸು ಹೆಚ್ಚಾದರೆ ಪ್ರವಾಹವು ನುಗ್ಗಿ ದೀಪವನ್ನು ಸುಡುವುದು. ಆದುದರಿಂದಲೇ ನಡುವೆ ರೋಧಕವೊಂದನ್ನು ಇಡುವರು.

ತರಗತಿಯಲ್ಲಿ ಕಲಿತ ಓಮನ ನಿಯಮವನ್ನು ಇಲ್ಲಿ ಪ್ರಯೋಗಿಸೋಣ. 1.5 ವೋಲ್ಟಿನ ಮೂರು ಸೆಲ್ಲುಗಳಿಂದ 4.5 ವೋಲ್ಟು. ದೀಪಕ್ಕೆ 3.2 ಹೋದರೆ ಉಳಿಯುವುದು 1.3. ರೋಧಕವು 65 ಓಮಿನದಾದರೆ ಪ್ರವಾಹವು 20 ಮಿಲಿಆಂಪಿಯರು. ಇನ್ನೊಂದು ಸೆಲ್ಲು ಸೇರಿ 6 ವೋಲ್ಟಾದರೆ ಪ್ರವಾಹವು ಸುಮಾರು 43ಕ್ಕೆ ಏರುವುದು. ವೋಲ್ಟೇಜು ಮೂರನೆಯ ಒಂದು ಪಾಲು ಹೆಚ್ಚಿದರೆ ಪ್ರವಾಹವು ಇಮ್ಮಡಿಗಿಂತ ಮಿಗಿಲು! ಬದಲಾಗಿ 1.2 ವೋಲ್ಟಿನ, ಮತ್ತೆ ಮತ್ತೆ ಚಾರ್ಜು ಮಾಡುವ ಮೂರು ಸೆಲ್ಲುಗಳನ್ನು ಹಾಕಿದರೆ ಪ್ರವಾಹವು 6ಕ್ಕೆ ಇಳಿದು ಬೆಳಕು ಮಂಕಾಗುವುದು.

ಇದಕ್ಕಿಂತಲೂ ದೊಡ್ಡ ಅಪಾಯವೊಂದುಂಟು. ಪೆನ್ಸಿಲ್ ಸೆಲ್ಲಿನಷ್ಟೇ ಗಾತ್ರದ, 14500 ಎಂಬ ಲಿಥಿಯಂ ಸೆಲ್ಲೂ ದೊರೆಯುತ್ತದೆ. ಅದರ ವೋಲ್ಟೇಜು 3.7, ಪೂರ್ಣ ಚಾರ್ಜಾದಾಗ 4.2. ಹಿಡಿಸಿತೆಂದು ಅಂಥವು ಮೂರನ್ನು ತುರುಕಿದರೆ 12 ವೋಲ್ಟಿಗೂ ಹೆಚ್ಚಾಗಿ ದೀಪ ಕ್ಷಣದಲ್ಲಿ ಹಾಳಾಗಬಹುದು. ಅತಿಯಾಗಿ ಕಾದ ಲಿಥಿಯಂ ಸೆಲ್ಲು ಹೊತ್ತಿ ಉರಿಯಲೂಬಹುದು.

ಅಂಗಡಿಯವನು ಬಲ್ಲ, ನಮಗೇಕೆ ಈ ಗೊಡವೆ ಎಂದು ಕೆಲವರು ಹೇಳಬಹುದು. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಎಲ್ಲ ಬಗೆಯ ಸೆಲ್ಲುಗಳೂ ಸಿಗುತ್ತವೆ ನಿಜ. ಆದರೆ ನಮ್ಮ ಮನೆಯ ಟಾರ್ಚನ್ನು ಅಂಗಡಿಯವನು ಕಂಡಿಲ್ಲ. ಸೆಲ್ಲು ಹಿಡಿಸಿದರೆ ಸಾಲದು, ಹೊಂದಲೂ ಬೇಕೆಂಬುದೇ ನಮ್ಮ ಅಭಿಪ್ರಾಯ. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆ ಇಲ್ಲಿಗೂ ಸಲ್ಲುವುದು.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಯಲ್ಲಿ ಅಂಕ ತರುವ ಸೂತ್ರವು ಮನೆಯಲ್ಲಿ ಉಪಯೋಗಕ್ಕೆ ಬಾರದಿದ್ದರೆ ಆ ವಿದ್ಯೆಯಿಂದೇನು ಫಲ? ಮಳೆಗಾಲಕ್ಕೆ ಮೊದಲೇ ಮನೆಯ ಟಾರ್ಚನ್ನು ತೆರೆದು, ಅದು ಬೇಡುವ ವೋಲ್ಟೇಜನ್ನೂ ಸೆಲ್ಲಿನ ಮೇಲೆ ಮುದ್ರಿಸಿದ ಅಂಕೆಯನ್ನೂ ಓದಿ ನೋಡೋಣ. ಹಳೆಯ ಸೆಲ್ಲನ್ನು ಹೊಸದರೊಡನೆ ಬೆರೆಸದಿರೋಣ. ತಕ್ಕ ಸೆಲ್ಲುಗಳ ಇನ್ನೊಂದು ಜೊತೆಯನ್ನು ಒಣಗಿದ ಸ್ಥಳದಲ್ಲಿ ಇಟ್ಟುಕೊಳ್ಳೋಣ.